ತುಶಿಲ್, ತಮಾಲ್, ಕಾರವಾರ: ಫ್ರಿಗೇಟಿನ ಬಲ ಇರುವುದೆಲ್ಲಿ?

2025ರ ಫೆಬ್ರುವರಿ 14ರಂದು ಐಎನ್‌ಎಸ್ ತುಶಿಲ್ ಎಂಬ ಯುದ್ಧನೌಕೆ ಕಾರವಾರದ ಕದಂಬ ನೌಕಾನೆಲೆಗೆ ಬಂದು ಸೇರಿತು. ಅದಕ್ಕೂ ಎರಡು ತಿಂಗಳ ಹಿಂದೆ, ಡಿಸೆಂಬರ್ 9ರಂದು, ರಷ್ಯಾದ ಕಲಿನಿನ್‌ಗ್ರಾಡ್‌ನಲ್ಲಿ ನೌಕಾಪಡೆಯ ಸೇವೆಗೆ ಸೇರಿದ ಹಡಗು ಅದು. ಬಾಲ್ಟಿಕ್ ಸಮುದ್ರದಿಂದ ಹೊರಟು, ಇಡೀ ಆಫ್ರಿಕಾ ಖಂಡವನ್ನು ಬಳಸಿಕೊಂಡು, 12,500 ನಾಟಿಕಲ್ ಮೈಲಿಗೂ ಹೆಚ್ಚು ದೂರ ಸಾಗಿ ಬಂದಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅದರ ಜೋಡಿ ಹಡಗು ಐಎನ್‌ಎಸ್ ತಮಾಲ್ ಮೊರಾಕ್ಕೊ, ಇಟಲಿ, ಗ್ರೀಸ್, ಸೌದಿ ಅರೇಬಿಯಾಗಳ ಬಂದರುಗಳನ್ನು ಮುಟ್ಟಿಕೊಂಡು ಇಲ್ಲಿಗೇ ಬಂತು. ವಿದೇಶದಲ್ಲಿ ಕಟ್ಟಿಸಿ ತರಿಸುವ ಕೊನೆಯ ಯುದ್ಧನೌಕೆ ತಮಾಲ್ ಎಂದು ನೌಕಾಪಡೆ ಹೇಳಿದೆ. ಎರಡೂ ಫ್ರಿಗೇಟುಗಳು. ಎರಡಕ್ಕೂ ಕಾರವಾರವೇ ತವರು ಬಂದರು.

ಮೆಟ್ರಿ, ಕಂಪ್ಲಿ, ಸಂಡೂರು, ಹೊಸಪೇಟೆ ಸುತ್ತಿನ ನಮಗೆ ಹೊಳೆ ಗೊತ್ತು, ಕೆರೆ ಗೊತ್ತು, ಕಾಲುವೆ ಗೊತ್ತು. ಕಡಲು ಎಂದರೆ ಪ್ರವಾಸ ಹೋಗಿ ನೋಡಿ ಬರುವ ಜಾಗ. ಆದರೆ ಆ ಕಡಲಿನ ದಾರಿ ನಮಗೆ ಹೊಸದಲ್ಲ. ಹಳೆಯ 63ನೇ ರಾಷ್ಟ್ರೀಯ ಹೆದ್ದಾರಿ ಅಂಕೋಲಾದಿಂದ ಹೊರಟು ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ಗುತ್ತಿಗೆ ಹೋಗುತ್ತಿತ್ತು. ಸಂಡೂರಿನ ಅದಿರು ಹೊತ್ತ ಲಾರಿಗಳು ಆ ದಾರಿ ಹಿಡಿದು ಹಗಲಿರುಳೆನ್ನದೆ ಬೇಲೆಕೇರಿಗೆ ಇಳಿಯುತ್ತಿದ್ದ ಕಾಲವನ್ನು ಈ ಭಾಗದವರು ಮರೆತಿಲ್ಲ. 2010ರಲ್ಲಿ ಅದೇ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಾಂತರ ಟನ್ ಅದಿರು ಕಾಣೆಯಾಯಿತು. ಮರುವರ್ಷ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟು ಇಲ್ಲಿನ ಗಣಿಗಾರಿಕೆಯನ್ನೇ ತಡೆಯಿತು. ಆ ಬೇಲೆಕೇರಿಯ ಮಗ್ಗುಲಿನಿಂದ ಉತ್ತರಕ್ಕೆ ಕಾರವಾರದ ತನಕ ಹಬ್ಬಿದ ಕರಾವಳಿಯಲ್ಲಿಯೇ ಕದಂಬ ನೌಕಾನೆಲೆ ಇದೆ. ನಮ್ಮ ಗುಡ್ಡಗಳು ಕರಗಿ ಹಡಗು ಹತ್ತಿದ ಕಡಲ ತೀರದಲ್ಲಿ ಈಗ ಎಂಥ ಹಡಗುಗಳು ನಿಂತಿವೆ, ಅವು ಏನು ಮಾಡುತ್ತವೆ, ಅವುಗಳ ಬೆಲೆಯನ್ನು ಯಾರು ತೆತ್ತರು ಎಂಬುದು ನಾವೂ ತಿಳಿಯಬೇಕಾದ ವಿಷಯ.

ಕಡಲನ್ನು ಕಾಯದ ರಾಜ್ಯಕ್ಕೆ ಏನಾಗುತ್ತದೆ ಎಂಬುದಕ್ಕೆ ಹಂಪಿಗಿಂತ ಹತ್ತಿರದ ಉದಾಹರಣೆ ನಮಗಿಲ್ಲ. ಹಜಾರರಾಮ ಗುಡಿಯ ಪ್ರಾಕಾರದ ಗೋಡೆಯ ಮೇಲೆ ಸಾಲು ಸಾಲಾಗಿ ನಡೆಯುವ ಕುದುರೆಗಳನ್ನು ನೋಡಿದ್ದೇವೆ. ಆ ಕುದುರೆಗಳು ಇಲ್ಲಿ ಹುಟ್ಟಿದವಲ್ಲ. ಅರಬ್ಬರ, ಪಾರಸಿಕರ ನಾಡಿನಿಂದ ಹಡಗಿನಲ್ಲಿ ಭಟ್ಕಳ, ಹೊನ್ನಾವರಗಳಿಗೆ ಬಂದು, ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಕುದುರೆ ವ್ಯಾಪಾರವನ್ನು ಅಲ್ಲಿಗೆ ಎಳೆದುಕೊಂಡರು. 1547ರಲ್ಲಿ ಸದಾಶಿವರಾಯನ ಕಾಲದಲ್ಲಿ ಆದ ಒಪ್ಪಂದದಲ್ಲಿ, ಗೋವೆಗೆ ಬರುವ ಕುದುರೆಗಳನ್ನು ವಿಜಯನಗರಕ್ಕೇ ಕೊಡಬೇಕೆಂಬ ಮಾತು ಸೇರಿತ್ತು. ಅಷ್ಟು ದೊಡ್ಡ ಸಾಮ್ರಾಜ್ಯ ತನ್ನ ಅಶ್ವಬಲಕ್ಕಾಗಿ ಪರದೇಶದ ಹಡಗಿನವರೊಡನೆ ಕರಾರು ಬರೆದುಕೊಳ್ಳಬೇಕಾಯಿತು, ಏಕೆಂದರೆ ಅರಬ್ಬಿ ಸಮುದ್ರದಲ್ಲಿ ಅವರನ್ನು ಎದುರಿಸುವ ನೌಕಾಬಲ ಅದಕ್ಕೆ ಇರಲಿಲ್ಲ. ಇಂದು ಕುದುರೆಯ ಜಾಗದಲ್ಲಿ ಕಚ್ಚಾ ತೈಲ ಇದೆ. ಬರುವ ದಿಕ್ಕು ಬಹುಪಾಲು ಅದೇ.

ಯುದ್ಧನೌಕೆಯ ಬಗ್ಗೆ ಕನ್ನಡದಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ಕ್ಷಿಪಣಿಗಳ ಪಟ್ಟಿಯಿಂದ ಶುರುವಾಗಿ ಅಲ್ಲೇ ಮುಗಿಯುತ್ತವೆ. ಕ್ಷಿಪಣಿ ಮುಖ್ಯವೇ. ಆದರೆ ತುಶಿಲ್, ತಮಾಲ್‌ಗಳು ಸೇರುವ ತಲ್ವಾರ್ ವರ್ಗದ ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಚರಿತ್ರೆಯನ್ನು ಓದಿದರೆ ಬೇರೆಯೇ ಚಿತ್ರ ಸಿಗುತ್ತದೆ. ಫ್ರಿಗೇಟಿನ ಬಲ ಅದರ ಎಂಜಿನ್ ಕೋಣೆಯಲ್ಲಿದೆ, ನೀರಿನಡಿಯ ಸದ್ದು ಹಿಡಿಯುವ ಕಿವಿಯಲ್ಲಿದೆ, ಕೊನೆಗೆ ಅದು ದುರಸ್ತಿಗೆಂದು ಮರಳುವ ಬಂದರಿನಲ್ಲಿದೆ. ದೇಶದ ಬಲಹೀನತೆಯೂ ಅಲ್ಲೇ ಇದೆ. ಈ ಲೇಖನ ಹೇಳಬೇಕೆಂದಿರುವುದು ಅದನ್ನೇ.

ಯುದ್ಧನೌಕೆಗಳಲ್ಲಿ ಡಿಸ್ಟ್ರಾಯರ್ ದೊಡ್ಡದು, ಕಾರ್ವೆಟ್ ಚಿಕ್ಕದು, ನಡುವಿನದು ಫ್ರಿಗೇಟ್. ದೊಡ್ಡ ಹಡಗುಗಳ ಸುತ್ತ ಕಾವಲು ಹೋಗುವುದು, ಜಲಾಂತರ್ಗಾಮಿಗಳನ್ನು ಹುಡುಕುವುದು, ವ್ಯಾಪಾರಿ ಹಡಗುಗಳಿಗೆ ಬೆಂಗಾವಲಾಗುವುದು, ತಿಂಗಳುಗಟ್ಟಲೆ ಒಂಟಿಯಾಗಿ ದೂರದ ನೀರಿನಲ್ಲಿ ಗಸ್ತು ತಿರುಗುವುದು ಎಲ್ಲವೂ ಇದರ ಪಾಲಿಗೆ ಬರುತ್ತವೆ. ವಿಮಾನವಾಹಕ ನೌಕೆಯ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಕರೆ ಬಂದ ದಿನ ಮೊದಲು ಹೊರಡುವುದು ಬಹಳ ಸಲ ಫ್ರಿಗೇಟು.

ಕಾರವಾರದ ಕಡಲು ಫ್ರಿಗೇಟನ್ನು ಮೊದಲ ಸಲ ಕಂಡದ್ದು ತುಶಿಲ್ ಬಂದಾಗ ಅಲ್ಲ. 1961ರ ನವೆಂಬರ್‌ನಲ್ಲಿ ಕಾರವಾರದೆದುರಿನ ಅಂಜದೀವ್ ದ್ವೀಪದಿಂದ ಪೋರ್ಚುಗೀಸ್ ಪಹರೆಯವರು ಸಾಬರ್ಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದರು. ಕೆಲವೇ ದಿನಗಳಲ್ಲಿ ಮೀನಿನ ದೋಣಿಯ ಮೇಲೂ ಹಾರಿಸಿದರು, ಒಬ್ಬ ಮೀನುಗಾರ ಸತ್ತ. ಡಿಸೆಂಬರ್ 18ರ ಬೆಳಿಗ್ಗೆ ಗೋವಾ ವಿಮೋಚನೆಯ ಕಾರ್ಯಾಚರಣೆಯ ಅಂಗವಾಗಿ ಕ್ರೂಸರ್ ಐಎನ್‌ಎಸ್ ಮೈಸೂರು ಮತ್ತು ಫ್ರಿಗೇಟ್ ಐಎನ್‌ಎಸ್ ತ್ರಿಶೂಲ್ ಆ ದ್ವೀಪದ ಬಳಿ ಬಂದವು. ತ್ರಿಶೂಲ್‌ನಿಂದ ನಾವಿಕರ ತುಕಡಿ ದೋಣಿಗಳಲ್ಲಿ ದಡಕ್ಕೆ ಹೋಯಿತು. ದ್ವೀಪದ ಮೇಲೆ ಬಿಳಿ ಬಾವುಟ ಕಂಡಿತ್ತು. ಆಮೇಲೂ ಮೆಷಿನ್‌ಗನ್ ಗುಂಡು ಬಂತು. ಏಳು ನಾವಿಕರು ಪ್ರಾಣ ಕಳೆದುಕೊಂಡರು. ಹಡಗುಗಳ ತೋಪು ಮಾತಾಡಿದ ಮೇಲೆ, ಮರುದಿನ ಮಧ್ಯಾಹ್ನ, ಉಳಿದ ಪಹರೆಯವರು ಶರಣಾದರು. ಅಂದಿನ ತ್ರಿಶೂಲ್ ಬ್ರಿಟನ್ನಿನಲ್ಲಿ ಕಟ್ಟಿದ, 1960ರಲ್ಲಿ ನಮ್ಮ ನೌಕಾಪಡೆ ಸೇರಿದ, ಉಗಿ ಟರ್ಬೈನಿನ ಹಡಗು. ಅಂದಿನ ತಲ್ವಾರ್ ಅದರ ಜೊತೆಯದು. ಈ ಎರಡು ಹೆಸರುಗಳೇ 2003ರಲ್ಲಿ ರಷ್ಯಾದಲ್ಲಿ ಕಟ್ಟಿದ ಹೊಸ ವರ್ಗದ ಮೊದಲ ಎರಡು ಹಡಗುಗಳಿಗೆ ಬಂದವು. ಅಂಜದೀವ್ ಇಂದು ಕದಂಬ ನೌಕಾನೆಲೆಯ ಭಾಗ.

ಹೊಸ ವರ್ಗಕ್ಕೆ 1997ರ ನವೆಂಬರ್‌ನಲ್ಲಿ ಕರಾರಾಯಿತು. ಆಗ ನೌಕಾಪಡೆ ಇಕ್ಕಟ್ಟಿನಲ್ಲಿತ್ತು. 1972ರಲ್ಲಿ ಮುಂಬೈನ ಮಜಗಾಂವ್ ಡಾಕ್‌ನಲ್ಲಿ ನೀಲಗಿರಿಯನ್ನು ಕಟ್ಟಿ, ದೇಶ ಫ್ರಿಗೇಟ್ ಕಟ್ಟಲು ಕಲಿತಿತ್ತು; ಆದರೆ ಹಳೆಯ ಹಡಗುಗಳು ನಿವೃತ್ತಿಯಾಗುವ ವೇಗಕ್ಕೆ ಹೊಸವು ಬರುತ್ತಿರಲಿಲ್ಲ. ತುಂಬಬೇಕಾದ ಜಾಗಕ್ಕೆ ರಷ್ಯಾದ ಮೂರು ಫ್ರಿಗೇಟುಗಳನ್ನು ಕೊಳ್ಳಲಾಯಿತು. ವಿನ್ಯಾಸ ಸೇಂಟ್ ಪೀಟರ್ಸ್‌ಬರ್ಗಿನ ಸೆವೆರ್ನೊಯೆ ಸಂಸ್ಥೆಯದು. ಕಟ್ಟಿದ್ದು ಅದೇ ಊರಿನ ಬಾಲ್ಟಿಕ್ ಶಿಪ್‌ಯಾರ್ಡ್. ತಲ್ವಾರ್ ಬರುವುದು ವರ್ಷದ ಮೇಲೆ ತಡವಾಯಿತು. ವಿಮಾನಗಳನ್ನು ಹೊಡೆಯುವ ಶ್ಟಿಲ್ ಕ್ಷಿಪಣಿ ವ್ಯವಸ್ಥೆ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಸರಿಯಾಗುವ ತನಕ ನಮ್ಮ ನೌಕಾಪಡೆ ಹಡಗನ್ನು ವಹಿಸಿಕೊಳ್ಳಲಿಲ್ಲ. ಹಡಗಿಗಾಗಿ ಅಷ್ಟು ಹಾತೊರೆಯುತ್ತಿದ್ದ ಹೊತ್ತಿನಲ್ಲೂ ಆ ಪಟ್ಟು ಬಿಡದಿದ್ದದ್ದು ಸರಿಯಾದ ನಿರ್ಧಾರ ಎಂದು ನಾನು ಭಾವಿಸುತ್ತೇನೆ. 2003ರ ಜೂನ್‌ನಲ್ಲಿ ತಲ್ವಾರ್, ತ್ರಿಶೂಲ್, 2004ರ ಏಪ್ರಿಲ್‌ನಲ್ಲಿ ತಬರ್ ಸೇವೆಗೆ ಬಂದವು. 2006ರಲ್ಲಿ ಇನ್ನೂ ಮೂರಕ್ಕೆ ಕರಾರಾಗಿ, ಕಲಿನಿನ್‌ಗ್ರಾಡ್‌ನ ಯಾಂತರ್ ಶಿಪ್‌ಯಾರ್ಡ್ ಕಟ್ಟಿದ ತೇಗ್, ತರ್ಕಶ್, ತ್ರಿಕಂಡ್ 2012 ಮತ್ತು 2013ರಲ್ಲಿ ಸೇರಿದವು. ತುಶಿಲ್, ತಮಾಲ್ ಏಳನೆಯದು, ಎಂಟನೆಯದು. ಇದೇ ವಿನ್ಯಾಸದ ತ್ರಿಪುಟ್, ತವಸ್ಯ ಎಂಬ ಎರಡು ಹಡಗುಗಳನ್ನು ಗೋವಾ ಶಿಪ್‌ಯಾರ್ಡ್ ಕೈಗೆತ್ತಿಕೊಂಡಿತು. 2024ರ ಜುಲೈನಲ್ಲಿ ಒಂದು, 2025ರ ಮಾರ್ಚ್‌ನಲ್ಲಿ ಇನ್ನೊಂದು ನೀರಿಗಿಳಿದವು.

ಹಡಗಿನ ಮೈ ಹೀಗಿದೆ: ಉದ್ದ ಸುಮಾರು 125 ಮೀಟರ್, ಅಗಲ 15 ಮೀಟರ್, ತೂಕ ನಾಲ್ಕು ಸಾವಿರ ಟನ್ನಿನ ಆಸುಪಾಸು. ಒಳಗೆ ಇನ್ನೂರೈವತ್ತರಷ್ಟು ಜನ. ಬದಿಗಳನ್ನು ನೇರವಾಗಿ ಎಬ್ಬಿಸದೆ ಓರೆಯಾಗಿ ಎಬ್ಬಿಸಿದ್ದಾರೆ. ಶತ್ರುವಿನ ರಡಾರ್ ಅಲೆ ಬಂದು ಬಡಿದಾಗ ಬಂದ ದಾರಿಯಲ್ಲೇ ಮರಳದೆ ಆಕಾಶದ ಕಡೆಗೆ ಚದರಲಿ ಎಂಬುದು ಇದರ ಉದ್ದೇಶ. ಹಡಗು ಇದರಿಂದ ಅದೃಶ್ಯವಾಗುವುದಿಲ್ಲ. ರಡಾರಿನ ಪರದೆಯ ಮೇಲೆ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ, ತಡವಾಗಿ ಕಾಣುತ್ತದೆ. ಕಡಲ ಯುದ್ಧದಲ್ಲಿ ಆ ಒಂದೆರಡು ನಿಮಿಷವೇ ಬಹಳ.

ಎಷ್ಟು ಬಹಳ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಭೂಮಿ ದುಂಡಗಿರುವುದರಿಂದ, ಇಪ್ಪತ್ತೈದು ಮೀಟರ್ ಎತ್ತರದ ಕಂಬದ ಮೇಲಿನ ರಡಾರಿಗೆ ನೀರಿನಿಂದ ಐದು ಮೀಟರ್ ಮೇಲೆ ಹಾರಿ ಬರುವ ಕ್ಷಿಪಣಿ ಕಾಣಿಸುವುದು ಸುಮಾರು ಮೂವತ್ತು ಕಿಲೊಮೀಟರ್ ಹತ್ತಿರ ಬಂದ ಮೇಲೆಯೇ. ಸದ್ದಿನ ವೇಗಕ್ಕಿಂತ ಸ್ವಲ್ಪ ಕಡಿಮೆ ವೇಗದ ಕ್ಷಿಪಣಿಗೆ ಆ ದೂರ ದಾಟಲು ಒಂದೂವರೆ ನಿಮಿಷ ಸಾಕು. ಅಷ್ಟರಲ್ಲಿ ಅದು ಹಕ್ಕಿಯೋ ಅಲೆಯೋ ಕ್ಷಿಪಣಿಯೋ ಎಂದು ಗುರುತಿಸಬೇಕು, ಶ್ಟಿಲ್ ಹಾರಿಸಬೇಕು, ಅದು ತಪ್ಪಿದರೆ ನಿಮಿಷಕ್ಕೆ ಸಾವಿರಾರು ಗುಂಡು ಉಗುಳುವ ತೋಪುಗಳು ಕೊನೆಯ ಕಿಲೊಮೀಟರುಗಳಲ್ಲಿ ಹೊಡೆದು ಉರುಳಿಸಬೇಕು. ಹಡಗಿನ ಹಿಂಭಾಗದ ಹೆಲಿಕಾಪ್ಟರ್ ಇದಕ್ಕಾಗಿಯೇ ಅಮೂಲ್ಯ. ಕಾಮೊವ್-31 ಹೊಟ್ಟೆಯಡಿಯ ದೊಡ್ಡ ರಡಾರನ್ನು ಬಿಚ್ಚಿಕೊಂಡು ಮೂರು ಕಿಲೊಮೀಟರ್ ಮೇಲೆ ನಿಂತರೆ ಹಡಗಿನ ನೋಟ ಹಲವು ಪಟ್ಟು ದೂರ ಹೋಗುತ್ತದೆ.

ಹೊಡೆಯುವ ಶಸ್ತ್ರಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮುಂದೆ 100 ಮಿಲಿಮೀಟರಿನ ತೋಪು, ಟಾರ್ಪೆಡೊ ಕೊಳವೆಗಳು, ಜಲಾಂತರ್ಗಾಮಿಯ ಮೇಲೆ ರಾಕೆಟ್ ಮಳೆ ಸುರಿಸುವ ಉಪಕರಣ. ಮೊದಲ ಮೂರು ಹಡಗುಗಳು ರಷ್ಯಾದ ಕ್ಲಬ್ ಕ್ಷಿಪಣಿಯೊಡನೆ ಬಂದವು. ತೇಗ್‌ನಿಂದ ಈಚೆಗೆ ಭಾರತ, ರಷ್ಯಾ ಸೇರಿ ಮಾಡಿದ ಬ್ರಹ್ಮೋಸ್ ಎಂಟು ಗೂಡುಗಳಲ್ಲಿ ಕೂತಿತು. ಸದ್ದಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ವೇಗದ ಈ ಕ್ಷಿಪಣಿಗೆ ಹೆದರದ ನೌಕಾಪಡೆ ಇಲ್ಲ.

ಇನ್ನು ಎಂಜಿನ್ ಕೋಣೆ. ತಲ್ವಾರ್ ವರ್ಗದ ಹಡಗು ಓಡುವುದು ನಾಲ್ಕು ಗ್ಯಾಸ್ ಟರ್ಬೈನುಗಳಿಂದ: ಸಾವಕಾಶ ಪಯಣಕ್ಕೆ ಚಿಕ್ಕವು ಎರಡು, ಓಟಕ್ಕೆ ದೊಡ್ಡವು ಎರಡು. ನೀರಿನಲ್ಲಿ ವೇಗವನ್ನು ಇಮ್ಮಡಿ ಮಾಡಬೇಕೆಂದರೆ ಶಕ್ತಿ ಸುಮಾರು ಎಂಟು ಪಟ್ಟು ಬೇಕು. ಹಾಗಾಗಿ 14 ನಾಟ್, ಅಂದರೆ ಗಂಟೆಗೆ 26 ಕಿಲೊಮೀಟರ್ ವೇಗದಲ್ಲಿ ಹೋದರೆ ಒಮ್ಮೆ ತುಂಬಿಸಿದ ಇಂಧನದಲ್ಲಿ 4,850 ನಾಟಿಕಲ್ ಮೈಲಿ ಹೋಗಬಲ್ಲ ಹಡಗು, 30 ನಾಟ್ ವೇಗದಲ್ಲಿ ಅದರ ಮೂರನೇ ಒಂದರಷ್ಟು ದೂರವನ್ನೇ ಹೋಗುತ್ತದೆ. ಈ ಟರ್ಬೈನುಗಳನ್ನು ಮಾಡುವುದು ಉಕ್ರೇನಿನ ಮೈಕೊಲಾಯಿವ್ ಊರಿನ ಜೋರ್ಯಾ-ಮಾಶ್‌ಪ್ರೊಯೆಕ್ಟ್ ಕಾರ್ಖಾನೆ. ಸೋವಿಯತ್ ಒಕ್ಕೂಟ ಇದ್ದಾಗ ಮೈಕೊಲಾಯಿವ್, ಕಲಿನಿನ್‌ಗ್ರಾಡ್ ಎರಡೂ ಒಂದೇ ದೇಶದ ಊರುಗಳು. ಒಕ್ಕೂಟ ಒಡೆದು ಮೈ ಒಂದು ದೇಶಕ್ಕೆ, ಹೃದಯ ಇನ್ನೊಂದು ದೇಶಕ್ಕೆ ಸೇರಿತು.

ತುಶಿಲ್‌ನ ಜಾತಕವೇ ಇದಕ್ಕೆ ಸಾಕ್ಷಿ. 2013ರಲ್ಲಿ ಅದರ ತಳದ ಕೀಲ್ ಇಟ್ಟಾಗ ಅದು ರಷ್ಯಾದ ಕಪ್ಪು ಸಮುದ್ರದ ಪಡೆಗೆಂದು ಕಟ್ಟುತ್ತಿದ್ದ ಅಡ್ಮಿರಲ್ ಬುತಕೊವ್. ತಮಾಲ್ ಆಗಬೇಕಿದ್ದದ್ದು ಅಡ್ಮಿರಲ್ ಇಸ್ತೊಮಿನ್. ಮರುವರ್ಷ ರಷ್ಯಾ ಕ್ರಿಮಿಯಾವನ್ನು ತೆಗೆದುಕೊಂಡಿತು. ಉಕ್ರೇನ್ ಟರ್ಬೈನ್ ಕೊಡುವುದನ್ನು ನಿಲ್ಲಿಸಿತು. ಎಂಜಿನ್ ಇಲ್ಲದ ಹಡಗಿನ ಮೈಗಳು ಕಲಿನಿನ್‌ಗ್ರಾಡ್‌ನಲ್ಲಿ ವರ್ಷಗಟ್ಟಲೆ ನಿಂತವು. ಭಾರತ ಎರಡೂ ಕಡೆ ಮಾತಾಡಿತು. 2016ರಲ್ಲಿ ಸರ್ಕಾರಗಳ ನಡುವೆ ಒಪ್ಪಂದ, 2018ರಲ್ಲಿ ಕರಾರು. ಮೈಯನ್ನು ರಷ್ಯಾದಿಂದ ಕೊಂಡು, ಟರ್ಬೈನನ್ನು ಉಕ್ರೇನಿನಿಂದ ತಾನೇ ಕೊಂಡು, ರಷ್ಯಾದ ಶಿಪ್‌ಯಾರ್ಡಿಗೆ ತಲುಪಿಸಿತು. ಪರಸ್ಪರ ಹಗೆಯಾಗಿದ್ದ ಎರಡು ದೇಶಗಳ ಕೆಲಸವನ್ನು ಒಂದೇ ಹಡಗಿನೊಳಗೆ ಕೂಡಿಸಿದ್ದು ನಮ್ಮ ರಾಜತಾಂತ್ರಿಕರ ದೊಡ್ಡ ಸಾಧನೆ. ಆದರೆ ಮತ್ತೊಮ್ಮೆ ಹೀಗೆ ಮಾಡಲು ಸಾಧ್ಯವಾಗುತ್ತದೆ ಎಂದು ನಂಬಿ ಕೂರುವಂತಿಲ್ಲ. 2022ರ ಯುದ್ಧದಲ್ಲಿ ಮೈಕೊಲಾಯಿವ್‌ನ ಆ ಕಾರ್ಖಾನೆ ಕ್ಷಿಪಣಿ ದಾಳಿಗೆ ತುತ್ತಾಯಿತು. ಅಲ್ಲಿಂದ ಬಂದ ಟರ್ಬೈನುಗಳು ತಲ್ವಾರ್ ವರ್ಗದಲ್ಲಿ ಮಾತ್ರವಲ್ಲ, ನಮ್ಮ ಡಿಸ್ಟ್ರಾಯರುಗಳಲ್ಲೂ ಇವೆ. 1999ರಲ್ಲಿ ಸೇವೆಗೆ ಸೇರಿದ ಇಂದಿನ ಐಎನ್‌ಎಸ್ ಮೈಸೂರು ಅವುಗಳಲ್ಲೊಂದು.

ಇಲ್ಲಿ ಬೆಂಗಳೂರಿನ ಹೆಸರು ಬರುತ್ತದೆ. ಶಿವಾಲಿಕ್ ವರ್ಗದ ಫ್ರಿಗೇಟುಗಳಿಗೆ, ವಿಕ್ರಾಂತ್ ವಿಮಾನವಾಹಕಕ್ಕೆ, 2025ರಲ್ಲಿ ಸೇವೆಗೆ ಬಂದ ಹೊಸ ನೀಲಗಿರಿ ವರ್ಗಕ್ಕೆ ಅಮೆರಿಕದ ಎಲ್‌ಎಂ-2500 ಟರ್ಬೈನುಗಳಿವೆ. ಅವುಗಳನ್ನು ಜೋಡಿಸಿ ನೋಡಿಕೊಳ್ಳುವುದು ಬೆಂಗಳೂರಿನ ಎಚ್‌ಎಎಲ್ ವಿಭಾಗ. ಬೆಂಗಳೂರಿನದೇ ಜಿಟಿಆರ್‌ಇ ಸಂಸ್ಥೆ ಯುದ್ಧವಿಮಾನಕ್ಕೆಂದು ಮಾಡುತ್ತಿದ್ದ ಕಾವೇರಿ ಎಂಜಿನಿನಿಂದ ಹಡಗಿಗೆ ಹೊಂದುವ 12 ಮೆಗಾವಾಟ್ ರೂಪವೊಂದನ್ನು ಮಾಡಿ ವಿಶಾಖಪಟ್ಟಣದಲ್ಲಿ ಪರೀಕ್ಷಿಸಿತು. ಅದು ಫ್ರಿಗೇಟಿನ ದೊಡ್ಡ ಟರ್ಬೈನಿನ ಅಳತೆಗೆ ಬೆಳೆಯಲಿಲ್ಲ. ಹೊಸ ನೀಲಗಿರಿ ಮುಕ್ಕಾಲು ಪಾಲು ಸ್ವದೇಶಿ ಎಂದು ಹೇಳುವಾಗ ಉಳಿದ ಕಾಲು ಪಾಲಿನಲ್ಲಿ ಎಂಜಿನ್ ಇದೆ ಎಂಬುದನ್ನು ಮರೆಯಬಾರದು. ಉಕ್ಕು, ಮೈ, ತಂತಿ, ಪರದೆ, ಕ್ಷಿಪಣಿ ಎಲ್ಲದರಲ್ಲೂ ಮುಂದೆ ಬಂದ ದೇಶ ಸಾಗರ ಟರ್ಬೈನಿನಲ್ಲಿ ಹಿಂದೆ ಉಳಿದಿದೆ. ಕ್ಷಿಪಣಿಗೆ ಸಿಗುವ ಚಪ್ಪಾಳೆಯ ಹತ್ತರಲ್ಲೊಂದು ಪಾಲು, ಕ್ಷಿಪಣಿಗೆ ಸಿಗುವ ಹಣದ ಒಂದು ಪಾಲು ಇದಕ್ಕೆ ಸಿಗಬೇಕಿತ್ತು.

ಕಿವಿಯ ಕತೆ ಇದಕ್ಕಿಂತ ಸಮಾಧಾನದ್ದು, ಆದರೆ ಅದರ ಹಿಂದೆ ದೊಡ್ಡ ನೋವಿದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿಯ ಕಡಲಿನಲ್ಲಿ ಐಎನ್‌ಎಸ್ ಖುಕ್ರಿ ಎಂಬ ಫ್ರಿಗೇಟು ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿಯನ್ನು ಹುಡುಕುತ್ತಿತ್ತು. ಖುಕ್ರಿಯ ಕಿವಿಯಾದ ಸೋನಾರ್ ಕೇಳುವ ದೂರ ಕಡಿಮೆ. ಆ ದೂರವನ್ನು ಹೆಚ್ಚಿಸುವ ಹೊಸ ಉಪಕರಣದ ಪ್ರಯೋಗಕ್ಕಾಗಿ ಹಡಗು ನಿಧಾನವಾಗಿ ಹೋಗುತ್ತಿತ್ತು. ಹಂಗೋರ್ ಮೊದಲು ಕೇಳಿಸಿಕೊಂಡಿತು, ಮೊದಲು ಹೊಡೆಯಿತು. 18 ಅಧಿಕಾರಿಗಳು, 176 ನಾವಿಕರು ಹಡಗಿನೊಡನೆ ಮುಳುಗಿದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಸ್ವಾತಂತ್ರ್ಯದ ನಂತರ ಯುದ್ಧದಲ್ಲಿ ನಾವು ಕಳೆದುಕೊಂಡ ಯುದ್ಧನೌಕೆ ಇದೊಂದೇ. ಐವತ್ತಮೂರು ವರ್ಷಗಳ ನಂತರ ಅದೇ ಡಿಸೆಂಬರ್ 9ರಂದು ತುಶಿಲ್ ಸೇವೆಗೆ ಸೇರಿತು.

ಅರಬ್ಬಿ ಸಮುದ್ರ ಸೋನಾರಿಗೆ ಕಷ್ಟದ ನೀರು. ಮೇಲಿನ ಪದರ ಬಿಸಿಲಿಗೆ ಕಾದಿರುತ್ತದೆ, ಕೆಳಗೆ ತಂಪು. ಎರಡರ ನಡುವಿನ ಗಡಿಯಲ್ಲಿ ಸದ್ದಿನ ಅಲೆ ಬಾಗಿ ಬೇರೆ ಕಡೆ ಹೋಗುತ್ತದೆ. ಆ ಗಡಿಯ ಕೆಳಗೆ ಅಡಗಿದ ಜಲಾಂತರ್ಗಾಮಿ ಮೇಲಿನ ಹಡಗಿಗೆ ಸುಲಭವಾಗಿ ಕೇಳಿಸುವುದಿಲ್ಲ. ಈ ನೀರನ್ನು ಅರಿತವರೇ ಇದಕ್ಕೆ ತಕ್ಕ ಕಿವಿ ಮಾಡಬಲ್ಲರು. ಕೊಚ್ಚಿಯ ಎನ್‌ಪಿಒಎಲ್ ಪ್ರಯೋಗಾಲಯ ರೂಪಿಸಿ ಬೆಂಗಳೂರಿನ ಬಿಇಎಲ್ ತಯಾರಿಸುವ ಹಂಸ ಸೋನಾರು ಬೆಳೆದದ್ದು ಈ ಅಗತ್ಯದಿಂದ. ತುಶಿಲ್, ತಮಾಲ್‌ಗಳಲ್ಲಿ ಇರುವುದು ಅದರ ಹೊಸ ಪೀಳಿಗೆ. ಆ ಹಡಗುಗಳ ಶೇಕಡಾ 26 ಪಾಲು, 33 ವ್ಯವಸ್ಥೆಗಳು ಭಾರತದವು. ಅಂಕಿ ಚಿಕ್ಕದೆನಿಸಬಹುದು. ಕಿವಿ ನಮ್ಮದು ಎಂಬುದು ನನ್ನ ಕಣ್ಣಿಗೆ ಅದಕ್ಕಿಂತ ದೊಡ್ಡ ಸಂಗತಿ.

ಸೇವೆಯ ಚರಿತ್ರೆಗೆ ಬಂದರೆ, ಈ ವರ್ಗದ ಹಡಗುಗಳು ಯುದ್ಧದಲ್ಲಿ ಗುಂಡು ಹಾರಿಸಿದ್ದಕ್ಕಿಂತ ಬೇರೆ ಕೆಲಸ ಮಾಡಿದ್ದೇ ಹೆಚ್ಚು. ಅತಿ ಕಹಿಯಾದ ಅಧ್ಯಾಯ 2008ರ ನವೆಂಬರ್ 18ರದು. ಏಡನ್ ಕೊಲ್ಲಿಯಲ್ಲಿ ಸೊಮಾಲಿ ಕಡಲ್ಗಳ್ಳರ ಕಾಟ ಮಿತಿಮೀರಿತ್ತು. ತಬರ್ ಅಲ್ಲಿ ಗಸ್ತಿನಲ್ಲಿತ್ತು. ಕತ್ತಲಲ್ಲಿ ಕಂಡ ಹಡಗೊಂದನ್ನು ನಿಲ್ಲಿಸಲು ಹೇಳಿದಾಗ, ಅದರ ಮೇಲಿದ್ದ ಶಸ್ತ್ರಧಾರಿಗಳು ತಬರ್‌ಅನ್ನೇ ಸ್ಫೋಟಿಸುವುದಾಗಿ ಬೆದರಿಸಿ ಗುಂಡು ಹಾರಿಸಿದರು ಎಂದು ನೌಕಾಪಡೆ ಹೇಳಿತು. ತಬರ್ ತಿರುಗಿ ಹೊಡೆಯಿತು, ಆ ಹಡಗು ಹೊತ್ತಿ ಉರಿದು ಮುಳುಗಿತು. ಕಡಲ್ಗಳ್ಳರ ತಾಯಿಹಡಗು ಮುಳುಗಿತೆಂದು ದೇಶ ಸಂತೋಷಪಟ್ಟಿತು. ಕೆಲವೇ ದಿನಗಳಲ್ಲಿ ತಿಳಿದದ್ದು: ಅದು ಎಕಾವತ್ ನಾವಾ-5 ಎಂಬ ಥಾಯ್ಲೆಂಡಿನವರ ಮೀನುಗಾರಿಕಾ ಹಡಗು, ಕಡಲ್ಗಳ್ಳರು ಅದನ್ನು ಆಗಷ್ಟೇ ಹಿಡಿದಿದ್ದರು, ಅದರ ಸ್ವಂತ ಸಿಬ್ಬಂದಿ ಒಳಗೇ ಸೆರೆಯಲ್ಲಿದ್ದರು. ಹಲವು ದಿನ ಕಡಲಲ್ಲಿ ತೇಲಿ ಬದುಕಿ ಬಂದವನು ಒಬ್ಬನೇ. ಸ್ವರಕ್ಷಣೆಗೆ ಹೊಡೆದೆವೆಂಬ ನೌಕಾಪಡೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ರಡಾರಿಗೆ ಹಡಗಿನ ಆಕಾರ ಕಾಣುತ್ತದೆ, ಅದರೊಳಗೆ ಕೈಕಟ್ಟಿಸಿಕೊಂಡು ಕೂತ ಮೀನುಗಾರ ಕಾಣುವುದಿಲ್ಲ. ಈ ಘಟನೆಯನ್ನು ಬಿಟ್ಟು ತಲ್ವಾರ್ ವರ್ಗದ ಚರಿತ್ರೆ ಬರೆಯುವುದು ಪ್ರಾಮಾಣಿಕವಲ್ಲ. 2013ರ ಡಿಸೆಂಬರ್‌ನಲ್ಲಿ ರತ್ನಾಗಿರಿಯ ಬಳಿ ತಲ್ವಾರ್ ಮೀನಿನ ದೋಣಿಗೆ ಡಿಕ್ಕಿ ಹೊಡೆದದ್ದನ್ನೂ ಬಿಡುವಂತಿಲ್ಲ. ಆ ಸಲ ದೋಣಿಯ 27 ಜನರನ್ನೂ ರಕ್ಷಿಸಲಾಯಿತು.

2015ರ ಏಪ್ರಿಲ್‌ನಲ್ಲಿ ಯೆಮೆನ್ ಹೊತ್ತಿ ಉರಿಯುವಾಗ ಅಲ್ಲಿ ಸಿಕ್ಕಿಬಿದ್ದವರನ್ನು ಜಿಬೂಟಿಗೆ ಸಾಗಿಸಿದ ನಮ್ಮ ಹಡಗುಗಳಲ್ಲಿ ತರ್ಕಶ್ ಇತ್ತು. 2024ರ ಜುಲೈನಲ್ಲಿ ಒಮಾನ್ ಬಳಿ ಮಗುಚಿದ ಪ್ರೆಸ್ಟೀಜ್ ಫಾಲ್ಕನ್ ತೈಲ ಹಡಗಿನ ಒಂಬತ್ತು ಜನರನ್ನು ತೇಗ್ ಕಾಪಾಡಿತು. 2025ರ ಮಾರ್ಚ್ 31ರಂದು ತರ್ಕಶ್ ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಎರಡೂವರೆ ಸಾವಿರ ಕಿಲೊಗ್ರಾಂ ಮಾದಕ ವಸ್ತು ಹಿಡಿಯಿತು. ಅದಾದ ಕೆಲವೇ ದಿನಗಳಲ್ಲಿ ತ್ರಿಕಂಡ್ ಒಮಾನಿನ ಪೂರ್ವದ ಕಡಲಲ್ಲಿ ಇರಾನಿನ ದೋಣಿಯೊಂದರ ಕರೆಗೆ ಓಗೊಟ್ಟು, ಎಂಜಿನ್ ಕೆಲಸದಲ್ಲಿ ಬೆರಳು ಜಜ್ಜಿಹೋಗಿದ್ದ ಪಾಕಿಸ್ತಾನಿ ಕಾರ್ಮಿಕನಿಗೆ ಮೂರು ಗಂಟೆಗಳ ಶಸ್ತ್ರಚಿಕಿತ್ಸೆ ಮಾಡಿತು. ಕಡಲಲ್ಲಿ ಕರೆದವನ ರಾಷ್ಟ್ರ ಯಾವುದೆಂದು ಕೇಳದಿರುವುದು ಪದ್ಧತಿ. ಆ ಪದ್ಧತಿಯನ್ನು ನಮ್ಮ ಹಡಗು ಪಾಲಿಸಿತು.

ಕರ್ನಾಟಕದ ಮಟ್ಟಿಗೆ ಇವೆಲ್ಲಕ್ಕಿಂತ ಹತ್ತಿರದ ದಿನ 2021ರ ಮೇ 5. ಕೋವಿಡ್‌ನ ಎರಡನೇ ಅಲೆಯಲ್ಲಿ ಆಮ್ಲಜನಕವಿಲ್ಲದೆ ಆಸ್ಪತ್ರೆಗಳು ಕೈಚೆಲ್ಲಿದ್ದ ಹೊತ್ತು. ತಲ್ವಾರ್ ಬಹರೇನಿನಿಂದ 27 ಟನ್ನಿನ ಎರಡು ದ್ರವ ಆಮ್ಲಜನಕದ ಟ್ಯಾಂಕುಗಳನ್ನು ಹೊತ್ತು ನವಮಂಗಳೂರು ಬಂದರಿಗೆ ಬಂತು. ಅದೇ ತಿಂಗಳು ನಮ್ಮ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನು ಕೊಳವೆಯಲ್ಲೇ ಹರಿಸಿ ಸಾವಿರ ಹಾಸಿಗೆಯ ತಾತ್ಕಾಲಿಕ ಆಸ್ಪತ್ರೆಯನ್ನು ಎಬ್ಬಿಸಲಾಗಿತ್ತು. ಕ್ಷಿಪಣಿಗಾಗಿ ಕಟ್ಟಿದ ಹಡಗು, ಉಕ್ಕಿಗಾಗಿ ಮಾಡಿದ ಅನಿಲ ಎರಡೂ ಆ ವಾರಗಳಲ್ಲಿ ಉಸಿರಿಗೆ ಬಂದವು.

ಈಗ ಬಂದರಿನ ಮಾತು. 1971ರ ಅನುಭವದ ನಂತರ, ಪಶ್ಚಿಮದ ಇಡೀ ನೌಕಾಬಲ ಕಿಕ್ಕಿರಿದ ಮುಂಬೈ ಒಂದರಲ್ಲೇ ಇರುವುದು ಅಪಾಯ ಎಂಬ ಅರಿವು ಗಟ್ಟಿಯಾಯಿತು. ಆಳದ ನೀರು, ಬೆನ್ನಿಗೆ ಗುಡ್ಡ, ಎದುರಿಗೆ ದ್ವೀಪಗಳಿರುವ ಕಾರವಾರವನ್ನು ಆರಿಸಿದ ಯೋಚನೆಯ ಹಿಂದೆ ಅಡ್ಮಿರಲ್ ಆಸ್ಕರ್ ಸ್ಟಾನ್ಲಿ ಡಾಸನ್ ಇದ್ದರು. 1986ರ ಅಕ್ಟೋಬರ್‌ನಲ್ಲಿ ರಾಜೀವ್ ಗಾಂಧಿ ಈ ನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. ಹಣದ ಕೊರತೆಯಲ್ಲಿ ವರ್ಷಗಳು ಕಳೆದು 2005ರ ಮೇ 31ರಂದು ನೆಲೆ ಸೇವೆಗೆ ಬಂತು. ಬನವಾಸಿಯ ಅರಸು ಮನೆತನದ ಹೆಸರನ್ನು ಅದಕ್ಕಿಟ್ಟರು. ವಿಕ್ರಮಾದಿತ್ಯ ವಿಮಾನವಾಹಕ ಇಲ್ಲಿ ನಿಲ್ಲುತ್ತದೆ. ಹತ್ತು ಸಾವಿರ ಟನ್ ತೂಕದ ಹಡಗನ್ನು ನೀರಿನಿಂದ ಎತ್ತಿ, ನೆಲದ ಮೇಲೆ ಉರುಳಿಸಿಕೊಂಡು ಹೋಗಿ, ದುರಸ್ತಿಗೆ ನಿಲ್ಲಿಸುವ ಶಿಪ್‌ಲಿಫ್ಟ್ ಇಲ್ಲಿದೆ. ನಾಲ್ಕು ಸಾವಿರ ಟನ್ನಿನ ಫ್ರಿಗೇಟಿಗೆ ಇದಕ್ಕಿಂತ ಬೇಕಾದ ಸೌಕರ್ಯ ಇನ್ನೊಂದಿಲ್ಲ. 2025ರ ಏಪ್ರಿಲ್ 5ರಂದು ರಕ್ಷಣಾ ಸಚಿವರು ಇಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ವೆಚ್ಚದ ಹೊಸ ಸೌಕರ್ಯಗಳನ್ನು ಉದ್ಘಾಟಿಸಿದರು.

ಈ ನೆಲೆಗಾಗಿ ಬಿಣಗಾ, ಅರ್ಗಾ, ಚೆಂಡಿಯಾ, ಹಾರವಾಡ ಮೊದಲಾದ ಊರುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡ ಬಿಟ್ಟುಕೊಟ್ಟವು. ಪರಿಹಾರದ ಮೊತ್ತಕ್ಕಾಗಿ ಕೋರ್ಟು ಅಲೆದು, ತೀರ್ಪು ಬಂದ ಮೇಲೂ ಹಣಕ್ಕಾಗಿ ಕಾದು, ಒಂದು ತಲೆಮಾರು ಮುಪ್ಪಾಯಿತು. ತುಂಗಭದ್ರಾ ಹಿನ್ನೀರಿಗೆ ನಾರಾಯಣದೇವರಕೆರೆಯನ್ನು ಬಿಟ್ಟು ಮರಿಯಮ್ಮನಹಳ್ಳಿಗೆ ಬಂದವರ ನಡುವೆ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಡಗಿನ ಬೆಲೆಯನ್ನು ಕೋಟಿಗಳಲ್ಲಿ ಬರೆಯುವಾಗ ಈ ಊರುಗಳ ಹೆಸರನ್ನೂ ಅದರ ಪಕ್ಕದಲ್ಲಿ ಬರೆಯುವುದು ನ್ಯಾಯ.

ದುರಸ್ತಿಗೆ ಇಷ್ಟು ಒತ್ತು ಏಕೆಂದರೆ, ಹಡಗು ಕಟ್ಟಿದ ದಿನದಿಂದಲೇ ಉಪ್ಪುನೀರು ಅದನ್ನು ತಿನ್ನತೊಡಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಸರಪಳಿ ಕಡಿದು, ತುಂಬಿದ ಜಲಾಶಯದ ನೀರು ಹರಿದುಹೋಗುವುದನ್ನು ಈ ಭಾಗದ ರೈತರು ಎದೆ ಹಿಡಿದುಕೊಂಡು ನೋಡಿದರು. ಎಪ್ಪತ್ತು ವರ್ಷ ದುಡಿದ ಅಣೆಕಟ್ಟಿಗೆ ಕುತ್ತು ಬಂದದ್ದು ಒಂದು ಸರಪಳಿಯಿಂದ. ಯುದ್ಧನೌಕೆಯ ವಿಷಯವೂ ಹಾಗೆಯೇ. 2024ರ ಜುಲೈನಲ್ಲಿ ಮುಂಬೈನಲ್ಲಿ ದುರಸ್ತಿಗೆ ನಿಂತಿದ್ದ ಬ್ರಹ್ಮಪುತ್ರ ಫ್ರಿಗೇಟು ಬೆಂಕಿಗೆ ಸಿಕ್ಕಿ ಒಂದು ಮಗ್ಗುಲಿಗೆ ಮಲಗಿತು. 2011ರಲ್ಲಿ ವಿಂಧ್ಯಗಿರಿ ಬಂದರಿನ ಬಾಯಲ್ಲೇ ಸರಕು ಹಡಗಿಗೆ ಡಿಕ್ಕಿಯಾಗಿ, ಉರಿದು, ಮುಳುಗಿತು. ಖುಕ್ರಿಯ ನಂತರ ಶತ್ರುವಿನ ಟಾರ್ಪೆಡೊ ನಮ್ಮ ಯಾವ ಫ್ರಿಗೇಟನ್ನೂ ತೆಗೆದುಕೊಂಡಿಲ್ಲ. ಬೆಂಕಿ, ಡಿಕ್ಕಿಗಳು ತೆಗೆದುಕೊಂಡಿವೆ.

ಈ ವರ್ಗದ ಮೊದಲ ಹಡಗಾದ ತಲ್ವಾರ್‌ಗೆ ಈಗಾಗಲೇ ಇಪ್ಪತ್ತು ವರ್ಷ ದಾಟಿದೆ. ತುಶಿಲ್, ತಮಾಲ್ 2050ರ ಆಚೆಗೂ ದುಡಿಯಬೇಕಾದ ಹಡಗುಗಳು. ಅಷ್ಟು ಕಾಲ ಅವುಗಳ ಟರ್ಬೈನ್ ಬಿಚ್ಚಿ ಕಟ್ಟುವ, ಕೊಳವೆ ಬೆಸೆಯುವ, ತಂತಿ ಬದಲಿಸುವ, ಸೋನಾರ್ ಗುಮ್ಮಟ ಒರೆಸುವ ಕೈಗಳು ಕಾರವಾರದಲ್ಲೇ ಬೇಕು. ಅಲ್ಲಿನ ನೌಕಾ ಹಡಗು ದುರಸ್ತಿ ಅಂಗಳ ಐಟಿಐ ಮುಗಿಸಿದವರನ್ನು ಫಿಟ್ಟರ್, ವೆಲ್ಡರ್, ಎಲೆಕ್ಟ್ರಿಷಿಯನ್, ಮೆಷಿನಿಸ್ಟ್ ಮುಂತಾದ ಕಸುಬುಗಳಿಗೆ ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತದೆ. ದಡ ಬಿಟ್ಟುಕೊಟ್ಟ ಮನೆಗಳ ಮಕ್ಕಳಿಗೆ ಅಲ್ಲಿ ಮೊದಲ ಹಕ್ಕಿರಬೇಕು. ಅವರ ಬೆನ್ನಿಗೆ ಹೊಸಪೇಟೆ, ಸಂಡೂರು, ಕಂಪ್ಲಿಯ ಐಟಿಐಗಳ ಹುಡುಗ ಹುಡುಗಿಯರೂ ಅರ್ಜಿ ಹಾಕಬೇಕು. ಡೋಣಿಮಲೈ ಗಣಿಯೂ ತೋರಣಗಲ್ಲಿನ ಕಾರ್ಖಾನೆಯೂ ಕೇಳುವ ಕಸುಬುಗಳನ್ನೇ ಕಾರವಾರದ ಅಂಗಳವೂ ಕೇಳುತ್ತದೆ.